ಕಾಸರಗೋಡಿಗೆ ಬರುವ ಮುಂಚೆ: ಹೊಳೆಯ ಯಾವ ದಡದಲ್ಲಿ ಮನೆ?

ದಾವಣಗೆರೆಯಿಂದ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕೆಲಸದ ಮೇಲೆ ಬರ್ತಿದ್ದೀವಿ, ಇಬ್ಬರು ಚಿಕ್ಕ ಮಕ್ಕಳು, ಮನೆಯಲ್ಲಿ ದಿನಾ ಪೂಜೆ, ಸಂಧ್ಯಾವಂದನೆ ಇದೆ, ಕೇರಳದಲ್ಲಿ ಇದೆಲ್ಲ ನಡೆಯುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ನಡೆಯುತ್ತದೆ, ಆ ಚಿಂತೆ ಬಿಡಿ. ಮೊದಲು ಯೋಚಿಸಬೇಕಾದ್ದು ಬಾಡಿಗೆ ಮನೆಯ ವಿಷಯ. ಚಂದ್ರಗಿರಿ ಹೊಳೆಯ ಉತ್ತರಕ್ಕೆ ಮನೆ ಮಾಡ್ತೀರೋ, ದಕ್ಷಿಣಕ್ಕೋ? ಮಕ್ಕಳ ಶಾಲೆ, ನಿಮ್ಮ ಮನೆಯವರು ಅಕ್ಕಪಕ್ಕದವರ ಜೊತೆ ಆಡುವ ಮಾತು, ಹಬ್ಬದ ದಿನ ಹೋಗುವ ದೇವಸ್ಥಾನ, ಎಲ್ಲವೂ ಅದರ ಮೇಲೆ ನಿಂತಿದೆ.

ಹೊರಗಿನವರಿಗೆ ಕಾಸರಗೋಡು ಒಂದೇ ಜಿಲ್ಲೆ. ಇಲ್ಲಿದ್ದವರಿಗೆ ಎರಡು. ಹೊಳೆಯ ಉತ್ತರಕ್ಕೆ ಮಂಜೇಶ್ವರ, ಕುಂಬಳೆ, ಮಧೂರು, ಬದಿಯಡ್ಕ, ಪೆರ್ಲ. ಕನ್ನಡ, ತುಳು ಜಾಸ್ತಿ ಕೇಳುವುದು ಈ ಕಡೆ. ದಕ್ಷಿಣಕ್ಕೆ ಕಾಞಂಗಾಡು, ನೀಲೇಶ್ವರ, ನಿಮ್ಮ ಪೆರಿಯ. ಅಲ್ಲಿ ಮಲಯಾಳವೇ. 1956ರ ನವೆಂಬರ್ 1ಕ್ಕೆ ಮುಂಚೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಆ ದಿನ ಕೇರಳದವರಾದೆವು. ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕ) ಸೇರಲಿ ಅಂತ 1967ರಲ್ಲಿ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ್ ಆಯೋಗ ಹೇಳಿತು. ಸೇರಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಹಿರಿಯರು ಈಗಲೂ ಈ ಮಾತು ಬಂದರೆ ಬಿಸಿಯಾಗ್ತಾರೆ. ಹುಡುಗರು ಮಾತ್ರ ಎರಡೂ ಭಾಷೆ ಆಡಿಕೊಂಡು, ಸರ್ಕಾರಿ ಕೆಲಸಕ್ಕೆ ಕೇರಳ ಪಿ.ಎಸ್‌.ಸಿ. ಪರೀಕ್ಷೆಗೆ ಓದಿಕೊಂಡು, ಶನಿವಾರ ಮಂಗಳೂರಿಗೆ ಸುತ್ತಾಡಲು ಹೋಗಿಕೊಂಡು ಇದ್ದಾರೆ.

ಈಗ ಪೂಜೆಯ ವಿಷಯ. ಹೂವಿಗೆ ಪೇಟೆಗೆ ಓಡಬೇಕಿಲ್ಲ. ಇಲ್ಲಿನ ಮನೆಗಳು ನಿಮ್ಮಲ್ಲಿಯ ಹಾಗೆ ಗೋಡೆಗೆ ಗೋಡೆ ತಾಗಿಕೊಂಡು ಇರುವುದಿಲ್ಲ. ಕೆಂಪುಕಲ್ಲಿನ ಮನೆ, ಸುತ್ತ ಹಿತ್ತಲು, ಒಂದು ಬಾವಿ. ಕೇಪಳ, ದಾಸವಾಳ, ನಂದಿಬಟ್ಟಲು, ತುಳಸಿ ಹಿತ್ತಲಲ್ಲೇ ಸಿಗುತ್ತವೆ. ತೆಂಗಿನಕಾಯಿಗೆ, ಬಾಳೆಲೆಗೆ ಕೇಳುವುದೇ ಬೇಡ. ಹವ್ಯಕರು, ಶಿವಳ್ಳಿಯವರು, ಕರಾಡರು, ಕೋಟದವರು, ಹೀಗೆ ಹಲವು ಬ್ರಾಹ್ಮಣ ಪಂಗಡದವರು ತಲೆಮಾರುಗಳಿಂದ ಇಲ್ಲಿದ್ದಾರೆ, ಹಾಗಾಗಿ ಪುರೋಹಿತರನ್ನು ಹುಡುಕುವುದೂ ಉತ್ತರದ ಕಡೆ ಕಷ್ಟವಲ್ಲ.

ಕಷ್ಟ ಕೊಡುವುದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಬಟ್ಟೆ ಒಣಗಿಸುವುದೇ ಒಂದು ಕೆಲಸ ಮಾರಾಯ್ರೆ. ಹಿಂದಿನ ದಿನ ಹಿಂಡಿ ಹರವಿದ ಪಂಚೆ ಬೆಳಗ್ಗೆ ಮುಟ್ಟಿದರೆ ಇನ್ನೂ ತಣ್ಣಗೆ ಜೋತುಕೊಂಡಿರುತ್ತದೆ. ಬೆಂಕಿಪೊಟ್ಟಣದ ಬದಿ ಮೆತ್ತಗಾಗಿ ಕಡ್ಡಿ ಗೀರಿದರೆ ಮದ್ದಷ್ಟೇ ಉದುರುತ್ತದೆ. ಹತ್ತಿಯ ಬತ್ತಿ ಚಟಚಟ ಅನ್ನುತ್ತದೆ. ಹಳೆ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಬಿದಿರು ಕಟ್ಟಿ ಬಟ್ಟೆ ಹರವುತ್ತಾರೆ. ಬಟ್ಟೆ ಒಣಗುತ್ತದೆ, ಹೊಗೆ ವಾಸನೆಯೂ ಬರುತ್ತದೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನೀವು ಒಂದಕ್ಕೆ ನಾಲ್ಕು ಜೊತೆ ಪಂಚೆ ಇಟ್ಟುಕೊಳ್ಳಿ. ಬತ್ತಿ, ಕರ್ಪೂರ, ಬೆಂಕಿಪೊಟ್ಟಣ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿರಲಿ.

ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆಯಬೇಕು. ಪ್ರಸಾದವನ್ನು ಕೈಗೆ ತಾಗದ ಹಾಗೆ ಮೇಲಿನಿಂದ ಹಾಕುತ್ತಾರೆ. ಬಯಲುಸೀಮೆಯಿಂದ ಬಂದವರಿಗೆ ಮೊದಮೊದಲು ಅವಮಾನ ಆದ ಹಾಗೆ ಅನಿಸಬಹುದು. ನನಗೂ ಆ ಕ್ರಮ ಅಷ್ಟು ಹಿಡಿಸುವುದಿಲ್ಲ, ಆದರೆ ಅದು ನಿಮಗೊಬ್ಬರಿಗೇ ಮಾಡಿದ್ದಲ್ಲ. ಮಧೂರಿನಲ್ಲಿ ಮೂಲ ದೇವರು ಮದನಂತೇಶ್ವರ, ಹೆಸರು ಮಾಡಿದ್ದು ಗಣಪತಿ. ಅಲ್ಲಿನ ಅಪ್ಪ ಪ್ರಸಾದ ಒಮ್ಮೆ ತಿಂದರೆ ಮಕ್ಕಳು ಪ್ರತಿ ವಾರ ಹೋಗೋಣ ಅಂತಾರೆ. ಕುಂಬಳೆ ಹತ್ತಿರ ಅನಂತಪುರದ ಕೆರೆ ನಡುವಿನ ದೇವಸ್ಥಾನಕ್ಕೂ ಕರೆದುಕೊಂಡು ಹೋಗಿ. ಅಲ್ಲಿದ್ದ ಬಬಿಯಾ ಅನ್ನುವ ಮೊಸಳೆ 2022ರ ಅಕ್ಟೋಬರ್‌ನಲ್ಲಿ ತೀರಿಹೋಯಿತು. ನೈವೇದ್ಯದ ಅನ್ನ ತಿನ್ನುತ್ತಿದ್ದ ಮೊಸಳೆ ಅಂತ ಊರವರು ಅದನ್ನು ಮನೆಯ ಹಿರಿಯರ ಹಾಗೆ ನೆನೆಯುತ್ತಾರೆ.

ಬಾಡಿಗೆ ಮನೆಯ ಹಿತ್ತಲಿನ ಮೂಲೆಯಲ್ಲಿ ಮರ, ಬಳ್ಳಿ ಒತ್ತಾಗಿ ಬೆಳೆದು, ಒಳಗೆ ಒಂದೆರಡು ಕಲ್ಲು ಕಂಡರೆ ಅದು ನಾಗಬನ. ಕಾಡು ಬೆಳೆದಿದೆ ಅಂತ ಕಡಿಸಬೇಡಿ, ಅಲ್ಲಿ ಬಟ್ಟೆ ಹರವಬೇಡಿ, ಮಕ್ಕಳ ಚೆಂಡು ಒಳಗೆ ಹೋದರೆ ನೀವೇ ಮೆಲ್ಲ ಹೋಗಿ ತನ್ನಿ. ವರ್ಷಕ್ಕೊಮ್ಮೆ ಮನೆ ಯಜಮಾನರು ಬಂದು ತಂಬಿಲ, ಅಂದರೆ ನಾಗನ ಪೂಜೆ, ಮಾಡಿಸುತ್ತಾರೆ. ಪಕ್ಕದ ಮನೆಯವರು ಭೂತಕೋಲಕ್ಕೆ ಕರೆದರೆ ಹೋಗಿ. ನಮ್ಮ ಸಂಪ್ರದಾಯದಲ್ಲಿ ಇಲ್ಲವಲ್ಲ ಅಂತ ಹಿಂದೇಟು ಹಾಕುವುದು ಬೇಡ. ಇಲ್ಲಿ ದೇವರ ಜೊತೆಗೆ ದೈವವೂ ಉಂಟು, ಬ್ರಾಹ್ಮಣರ ಜಾಗದಲ್ಲೂ ಉಂಟು. ಹೊಳೆಯ ದಕ್ಷಿಣಕ್ಕೆ ಹೋದ ಹಾಗೆ ಕೋಲದ ಬದಲು ಅದೇ ಬಗೆಯ ಮಲಯಾಳಿಗಳ ದೈವಾರಾಧನೆ ತೆಯ್ಯಂ ಕಾಣುತ್ತದೆ.

ಪಂಚಾಂಗ ನಿಮ್ಮನ್ನು ಸ್ವಲ್ಪ ಗೊಂದಲ ಮಾಡುತ್ತದೆ. ನಿಮ್ಮದು ಚಾಂದ್ರಮಾನ, ಇಲ್ಲಿಯದು ಸೌರಮಾನ. ಊರಿಗೆಲ್ಲ ಹೊಸ ವರ್ಷ ಏಪ್ರಿಲ್ ನಡುವಿನ ವಿಷುವಿಗೆ. ನಿಮ್ಮ ಯುಗಾದಿಗೆ ಸರ್ಕಾರಿ ರಜೆಯೂ ಇಲ್ಲ, ಬೇವುಬೆಲ್ಲ ನಿಮ್ಮ ಮನೆಯಲ್ಲಷ್ಟೇ. ಕೃಷ್ಣಾಷ್ಟಮಿ ಕೆಲವು ವರ್ಷ ತಿಂಗಳೇ ಆಚೀಚೆ ಆಗುತ್ತದೆ. 2025ರಲ್ಲಿ ಬಯಲುಸೀಮೆಯಲ್ಲಿ ಆಗಸ್ಟ್ 16ಕ್ಕೆ ಮುಗಿದಿತ್ತು, ಇಲ್ಲಿ ಸೆಪ್ಟೆಂಬರ್ 14ಕ್ಕೆ. ಎರಡೂ ಮಾಡುವವರಿದ್ದಾರೆ, ಮಕ್ಕಳಿಗೆ ಎರಡು ಸಲ ಚಕ್ಕುಲಿ. ಚೌತಿಗೆ ನಮ್ಮ ಜಿಲ್ಲೆಗೆ ಸಾಮಾನ್ಯವಾಗಿ ಸ್ಥಳೀಯ ರಜೆ ಸಿಗುತ್ತದೆ. ಆದರೆ ಕರ್ನಾಟಕದ ಉದ್ದನೆಯ ದಸರಾ ರಜೆ ಮರೆತುಬಿಡಿ, ಇಲ್ಲಿ ಉದ್ದ ರಜೆ ಓಣಂಗೆ. ನಿಮ್ಮ ಸಣ್ಣವನಿಗೆ ಮೂರು ವರ್ಷ ಅಂದಿರಿ, ಅಲ್ವಾ? ವಿಜಯದಶಮಿಗೆ ಇಲ್ಲಿನ ದೇವಸ್ಥಾನಗಳಲ್ಲಿ ಅಕ್ಕಿಯಲ್ಲಿ ಬೆರಳು ಹಿಡಿದು ಅಕ್ಷರ ಬರೆಸುತ್ತಾರೆ. ಅವತ್ತೇ ಮಾಡಿಸಿಬಿಡಿ.

ದೊಡ್ಡವಳ ಶಾಲೆ ನಿಜವಾದ ತಲೆನೋವು. ಹೊಳೆಯ ಉತ್ತರಕ್ಕೆ ಕನ್ನಡ ಮಾಧ್ಯಮದ ಸರ್ಕಾರಿ, ಅನುದಾನಿತ ಶಾಲೆಗಳು ಬೇಕಾದಷ್ಟಿವೆ. ಕೇರಳದ್ದೇ ಪಾಠ, ಪುಸ್ತಕ ಕನ್ನಡದಲ್ಲಿ. ದಕ್ಷಿಣಕ್ಕೆ ದಾಟಿದರೆ ಆ ಅನುಕೂಲ ಇಲ್ಲವೆನ್ನುವಷ್ಟು ಕಡಿಮೆ. ಹತ್ತನೇ ತರಗತಿವರೆಗೆ ಮಲಯಾಳ ಕಡ್ಡಾಯ ಮಾಡುವ ಕಾನೂನು 2017ರಲ್ಲಿ ಬಂದಾಗ ಇಲ್ಲಿ ದೊಡ್ಡ ಪ್ರತಿಭಟನೆ ಆಯಿತು. ಕನ್ನಡ ಸರಿಯಾಗಿ ಬಾರದ ಮೇಷ್ಟ್ರುಗಳನ್ನು ಕನ್ನಡ ತರಗತಿಗೆ ಹಾಕುತ್ತಾರೆ ಅನ್ನುವ ಗಲಾಟೆ ಆಗಾಗ ಏಳುತ್ತಲೇ ಇರುತ್ತದೆ. ಆದ್ದರಿಂದ ಶಾಲೆಯ ಬೋರ್ಡು ನೋಡಿ ಸೇರಿಸಬೇಡಿ. ಗಣಿತ, ವಿಜ್ಞಾನ ಯಾರು ಹೇಳಿಕೊಡ್ತಾರೆ, ಯಾವ ಭಾಷೆಯಲ್ಲಿ ಅಂತ ಅಲ್ಲಿ ಓದುವ ಮಕ್ಕಳ ತಾಯಂದಿರನ್ನೇ ಕೇಳಿ. ವರ್ಗಾವಣೆ ಆಗುವ ಕೆಲಸವಾದರೆ ಕೇಂದ್ರೀಯ ವಿದ್ಯಾಲಯಕ್ಕೆ ಪ್ರಯತ್ನಿಸಿ. ಮಲಯಾಳ ಕಲಿಯಲಿ, ಅದರಲ್ಲಿ ನಷ್ಟ ಏನೂ ಇಲ್ಲ. ಆರು ವರ್ಷದ ಮಗು ಆಟದ ಬಯಲಲ್ಲೇ ಕಲಿತುಬಿಡುತ್ತದೆ, ನೀವೇ ಹಿಂದೆ ಬೀಳೋದು.

ಕಾಗದಪತ್ರ ಹೇಳುವಷ್ಟು ಕಷ್ಟವಲ್ಲ. ಬಾಡಿಗೆ ಕರಾರು ಮಾಡಿಕೊಂಡು ಸರ್ಕಾರಿ ಅರ್ಜಿಗಳನ್ನು ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದರೆ ಆಧಾರ್ ವಿಳಾಸ, ರೇಷನ್ ಕಾರ್ಡಿನ ಅರ್ಜಿ ಎಲ್ಲ ಅಲ್ಲೇ. ಊರಿನ ಕಾರ್ಡಿನಿಂದ ಹೆಸರು ತೆಗೆಸಿಕೊಂಡೇ ಬನ್ನಿ. ಕರೆಂಟ್ ಬಿಲ್ ಎರಡು ತಿಂಗಳಿಗೊಮ್ಮೆ ಬರುತ್ತದೆ, ಮೊದಲ ಬಿಲ್ ನೋಡಿ ಗಾಬರಿ ಬೇಡ. ಗಾಡಿ ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲೇ ಇರುವುದಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು ಕೆಎಲ್ 14ಕ್ಕೆ ಬದಲಾಯಿಸಬೇಕು, ತೆರಿಗೆಯೂ ಇಲ್ಲಿ ಕಟ್ಟಬೇಕು.

ಆಸ್ಪತ್ರೆ ಬಗ್ಗೆ ಒಂದು ಮಾತು. ದೊಡ್ಡ ಕಾಯಿಲೆ ಅಂದರೆ ಇಲ್ಲಿನವರ ಕಾಲು ತಾನಾಗಿ ಮಂಗಳೂರಿನ ಕಡೆ ಹೋಗುತ್ತದೆ, ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ರಾಜ್ಯದ ಗಡಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಆಂಬುಲೆನ್ಸ್‌ಗಳೂ ನಿಂತವು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಡಿ ಅಂದರೆ ಏನು ಅಂತ ಆವಾಗ ಗೊತ್ತಾಯಿತು. ಒಂದು ರಾಜ್ಯದ ಆರೋಗ್ಯ ಕಾರ್ಡು ಇನ್ನೊಂದರಲ್ಲಿ ನಡೆಯುತ್ತದೆ ಅಂದುಕೊಳ್ಳಬೇಡಿ, ಮೊದಲೇ ವಿಚಾರಿಸಿ.

ಅಕ್ಕಪಕ್ಕದಲ್ಲಿ ಮುಸ್ಲಿಮರು ಇದ್ದೇ ಇರುತ್ತಾರೆ. ಸಂಜೆ ನೀವು ದೀಪ ಹಚ್ಚುವ ಹೊತ್ತಿಗೇ ಮಗ್ರಿಬ್ ಬಾಂಗ್ ಕೇಳುತ್ತದೆ. ಪೇಟೆಯಲ್ಲಿ ಕೆಲವೊಮ್ಮೆ ಜಗಳ, ಹರತಾಳ ಆಗುತ್ತವೆ, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಹರತಾಳದ ದಿನ ಮನೆಯಲ್ಲಿ ಹಾಲು, ತರಕಾರಿ ಇದ್ದರಾಯಿತು.

ನನ್ನನ್ನು ಕೇಳಿದರೆ, ಮೂರು ನಾಲ್ಕು ವರ್ಷದ ಮಾತಾದರೆ ಮಧೂರು, ವಿದ್ಯಾನಗರದ ಆಸುಪಾಸು ಮನೆ ಮಾಡಿ ನೀವೊಬ್ಬರು ಪೆರಿಯಕ್ಕೆ ಓಡಾಡಿ. ನಿಮ್ಮ ಮನೆಯವರು, ಮಕ್ಕಳು ಒಂಟಿಯಾಗುವುದಿಲ್ಲ. ಇಲ್ಲೇ ನೆಲೆ ನಿಲ್ಲುವ ಯೋಚನೆ ಇದ್ದರೆ ಕಾಞಂಗಾಡಿನ ಕಡೆಯೇ ಒಳ್ಳೆಯದು. ಮಲಯಾಳ ಬೇಗ ಬರುತ್ತದೆ, ದಿನಾ ಬಸ್ಸಿನಲ್ಲಿ ಕುಲುಕುವುದೂ ತಪ್ಪುತ್ತದೆ. ಶಾಲೆ ಜೂನ್ 1ಕ್ಕೆ ಶುರು. ಮನೆ ನೋಡಲು ಏಪ್ರಿಲ್ ಕೊನೆಗೆ ಬನ್ನಿ. ಮಳೆಗಾಲದಲ್ಲಿ ಎಲ್ಲ ಬಾವಿಯೂ ತುಂಬಿರುತ್ತದೆ, ಬೇಸಿಗೆಗೂ ನೀರು ಉಳಿಯುತ್ತದೋ ಇಲ್ಲವೋ ಗೊತ್ತಾಗುವುದು ಏಪ್ರಿಲ್ ಕೊನೆಗೇ. ಬದಿಯಡ್ಕದ ಕಡೆ ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಇರುವ ಮನೆ ಸಿಕ್ಕಿದರೆ ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಹಿಡಿಯಿರಿ. ಪಂಪೇ ಬೇಡ, ನೀರು ತಾನಾಗಿ ಅಂಗಳಕ್ಕೆ ಬರುತ್ತದೆ.