ಉಪ್ಪು ನೀರಿನಲ್ಲಿ ಕಾಂಡ್ಲಾ ಮರ ಬದುಕುವುದು ಹೇಗೆ?

ಮನೆಯ ಗಿಡಕ್ಕೆ ಉಪ್ಪು ನೀರು ಹಾಕಿದರೆ ಒಣಗುತ್ತದೆ, ನದಿ ಸಮುದ್ರ ಸೇರುವ ಅಳಿವೆಯ ಕಾಂಡ್ಲಾಕ್ಕೆ (ಮ್ಯಾಂಗ್ರೋವ್) ಮಾತ್ರ ಅದು ರೂಢಿಯಾಗಿದ್ದು ಹೇಗೆ ಅಂತ ಕೇಳಿದ್ದೀರಿ. ನಾನು ಕುಮಟಾ ಕಡೆಯವನು. ಅಘನಾಶಿನಿ ಅಳಿವೆಯಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಮಣ್ಣಿನಲ್ಲಿ ಉಪ್ಪು ಜಾಸ್ತಿಯಾದರೆ ಬೇರಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ. ಬುಡದಲ್ಲಿ ನೀರು ನಿಂತಿದ್ದರೂ ಗಿಡ ಬಾಯಾರಿ ಸಾಯುತ್ತದೆ.

ಕಾಂಡ್ಲಾದಲ್ಲಿ ಹಲವು ಜಾತಿ ಇವೆ, ಉಪಾಯವೂ ಬೇರೆ ಬೇರೆ. ಊರುಗೋಲಿನಂಥ ಬೇರುಗಳ ಮೇಲೆ ನಿಲ್ಲುವ ರೈಜೋಫೊರಾ ಬಹುಪಾಲು ಉಪ್ಪನ್ನು ಬೇರಿನಲ್ಲೇ ಸೋಸಿ ಹೊರಗಿಡುತ್ತದೆ. ಅವಿಸೆನಿಯಾ ಎಂಬ ಇನ್ನೊಂದು ಜಾತಿ ಅಷ್ಟು ತಡೆಯುವುದಿಲ್ಲ. ಒಳಗೆ ಬಂದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಗೆ ಹಾಕುತ್ತದೆ. ಬಿಸಿಲಿನ ಹೊತ್ತಿನಲ್ಲಿ ಅದರ ಎಲೆ ಸವರಿ ನೋಡಿ, ಬಿಳಿ ಹರಳು ಬೆರಳಿಗೆ ಹತ್ತುತ್ತದೆ. ನಾಲಿಗೆಗೆ ತಾಗಿಸಿದರೆ ಅಪ್ಪಟ ಉಪ್ಪು!

ಕೆಸರಿನ ಕಷ್ಟವೂ ಕಡಿಮೆಯದ್ದಲ್ಲ. ಆ ಕಪ್ಪು ಕೆಸರಿನೊಳಗೆ ಗಾಳಿಯೇ ಇಲ್ಲ. ಅದಕ್ಕೇ ಅವಿಸೆನಿಯಾದ ಬೇರುಗಳು ಕೆಳಗಿನಿಂದ ಮೇಲಕ್ಕೆ ಎದ್ದು ಬರುತ್ತವೆ, ಪೆನ್ಸಿಲ್ ನೆಟ್ಟ ಹಾಗೆ. ನೀರು ಇಳಿದಾಗ ಅವುಗಳ ಸಣ್ಣ ರಂಧ್ರಗಳಿಂದ ಗಾಳಿ ಒಳಗೆ ಹೋಗುತ್ತದೆ.

ನನಗೆ ತುಂಬಾ ಇಷ್ಟವಾಗುವುದು ರೈಜೋಫೊರಾದ ಬೀಜ. ಅದು ಮರದಲ್ಲೇ ಮೊಳೆತು, ಅಡಿಗೂ ಉದ್ದದ ಹಸಿರು ಕೋಲಾಗಿ ತಾಯಿಮರಕ್ಕೇ ಜೋತುಬಿದ್ದಿರುತ್ತದೆ. ಇಳಿತದಲ್ಲಿ ಬಿದ್ದರೆ ಅಲ್ಲೇ ಕೆಸರಿಗೆ ನಾಟಿಕೊಳ್ಳಬಹುದು. ಉಬ್ಬರದಲ್ಲಿ ಬಿದ್ದದ್ದು ತೇಲಿಹೋಗಿ ಬೇರೆ ದಡದಲ್ಲಿ ಬೇರು ಬಿಡುತ್ತದೆ.

ಆದರೆ ಇದನ್ನೆಲ್ಲ ಯಾವ ಮರವೂ ತನ್ನ ಒಂದು ಜೀವಮಾನದಲ್ಲಿ ಕಲಿತದ್ದಲ್ಲ. ಸ್ವಲ್ಪ ಜಾಸ್ತಿ ಉಪ್ಪು ತಾಳಿದವು ಉಳಿದವು, ಅವುಗಳದ್ದೇ ಸಂತಾನ ಬೆಳೆಯಿತು. ಹೀಗೆ ಲಕ್ಷಾಂತರ ವರ್ಷ. ನಿಮ್ಮ ಮನೆಯ ಗಿಡಕ್ಕೆ ದಿನಾ ಒಂದೊಂದು ಚಿಟಿಕೆ ಉಪ್ಪು ಹಾಕಿ ಅಭ್ಯಾಸ ಮಾಡಿಸಲು ಆಗುವುದಿಲ್ಲ.

ತಾಳಿದ್ದನ್ನೇ ಉಳಿಸಿಕೊಳ್ಳುವ ಈ ಕೆಲಸ ಮನುಷ್ಯರ ಕೈಯಲ್ಲೂ ನಡೆದಿದೆ. ಅಳಿವೆಯ ಪಕ್ಕದ ನಮ್ಮ ಗಜನಿ ಗದ್ದೆಗಳ ಕಗ್ಗ ಭತ್ತವನ್ನೇ ನೋಡಿ. ಉಪ್ಪು ನೀರು ನುಗ್ಗಿದರೂ, ಕೆಲವು ದಿನ ಮುಳುಗಿದರೂ ಅದು ತಡೆದುಕೊಳ್ಳುತ್ತದೆ. ಬದುಕಿ ಉಳಿದ ಪೈರಿನ ಕಾಳನ್ನೇ ರೈತರು ತಲೆಮಾರುಗಳಿಂದ ಬೀಜಕ್ಕೆ ಇಟ್ಟುಕೊಂಡು ಬಂದಿದ್ದಾರೆ. ಈಗ ಕಗ್ಗ ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ. ಒಂದು ಸಲ ಆ ಬೀಜ ಕೈಬಿಟ್ಟು ಹೋದರೆ ಮತ್ತೆ ಎಲ್ಲಿಂದ ತರೋದು?