ಜಲಪಾತಕ್ಕಿಂತ ಬಿಟರ್‌ರೂಟ್ ಕಠಿಣ

1804–06ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯವರೆಗೆ ಹೋಗಿ ಬಂದ ಲೂಯಿಸ್ ಮತ್ತು ಕ್ಲಾರ್ಕ್ ಅನ್ವೇಷಣಾ ತಂಡಕ್ಕೆ ಅತಿ ಕಷ್ಟವಾದದ್ದು ಮಿಸೌರಿ ನದಿಯ ಮಹಾ ಜಲಪಾತಗಳೇ ಎಂಬ ಮಾತನ್ನು ನೀವು ಕೇಳಿರಬಹುದು. ನನ್ನ ಮಟ್ಟಿಗೆ ಅಲ್ಲ, 1805ರ ಸೆಪ್ಟೆಂಬರ್‌ನಲ್ಲಿ ದಾಟಿದ, ರಾಕಿ ಪರ್ವತಶ್ರೇಣಿಯ ಬಿಟರ್‌ರೂಟ್ ಪರ್ವತಗಳೇ.

ಜಲಪಾತಗಳ ಬಳಿ ದೋಣಿಗಳನ್ನು ಮರದ ಗಾಲಿಗಳ ಮೇಲೇರಿಸಿ ಸುಮಾರು 29 ಕಿಲೋಮೀಟರ್ ಎಳೆದರು. ಪಾಪಾಸುಕಳ್ಳಿಯ ಮುಳ್ಳು ಪಾದರಕ್ಷೆಯನ್ನೂ ತೂರಿ ಕಾಲಿಗೆ ನಾಟುತ್ತಿತ್ತು. ಆದರೂ ಅಲ್ಲಿ ಬೈಸನ್ ಮಾಂಸವಾದರೂ ಇತ್ತು. ಬಿಟರ್‌ರೂಟ್‌ನಲ್ಲಿ ಬೇಟೆಯೇ ಸಿಗಲಿಲ್ಲ. ಹಿಮ ದಾರಿಯನ್ನು ಮುಚ್ಚಿತು, ಕುದುರೆಗಳು ಇಳಿಜಾರಿನಲ್ಲಿ ಉರುಳಿದವು, ಹಸಿವು ತಾಳದೆ ಮರಿಗುದುರೆಗಳನ್ನು ಕೊಂದು ತಿಂದರು. ಮೊಕಾಸಿನ್ ಎಂಬ ತೆಳುವಾದ ಚರ್ಮದ ಪಾದರಕ್ಷೆಗಳಲ್ಲಿ ಪಾದಗಳು ಹೆಪ್ಪುಗಟ್ಟಿಬಿಡುತ್ತವೇನೋ ಎಂದು ಕ್ಲಾರ್ಕ್ ದಿನಚರಿಯಲ್ಲಿ ಆತಂಕ ತೋಡಿಕೊಂಡಿದ್ದಾನೆ. ಅದೇ ದಾರಿಯಲ್ಲಿ ತಂಡದ ಜೊತೆಗಿದ್ದ ಶೋಶೋನಿ ಬುಡಕಟ್ಟಿನ ಮಹಿಳೆ ಸಕಾಗವಿಯಾ ಏಳು ತಿಂಗಳ ಕೂಸಿನೊಂದಿಗೆ ನಡೆದಳು! ಅವಳ ಸಹನೆಯನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬೆಟ್ಟ ಇಳಿದವರಿಗೆ ಸಾಲ್ಮನ್ ಮೀನು, ಕಮಾಸ್ ಗೆಡ್ಡೆ ಕೊಟ್ಟು ಉಳಿಸಿದವರು ಅಲ್ಲಿನ ಮೂಲನಿವಾಸಿಗಳಾದ ನೆಜ್ ಪರ್ಸ್ ಜನ. ಧೈರ್ಯವನ್ನು ಕೊಂಡಾಡುವಾಗ ಅವರನ್ನೂ, ಕ್ಲಾರ್ಕ್‌ನ ಗುಲಾಮನಾಗಿಯೇ ಅಷ್ಟು ದೂರ ದುಡಿದ ಯಾರ್ಕ್‌ನನ್ನೂ ದಯವಿಟ್ಟು ಮರೆಯಬೇಡಿ. 1806ರ ಜೂನ್‌ನಲ್ಲಿ ಮರಳುವಾಗಲೂ ಆಳವಾದ ಹಿಮ ತಂಡವನ್ನು ಹಿಮ್ಮೆಟ್ಟಿಸಿತ್ತು. ನೆಜ್ ಪರ್ಸ್ ಮಾರ್ಗದರ್ಶಕರು ಜೊತೆಗೆ ಬಂದ ಮೇಲೆಯೇ ಅವರು ಆ ಬೆಟ್ಟಗಳನ್ನು ದಾಟಿದ್ದು.