ಮನೆಯಲ್ಲಿರುವ ವಸ್ತುಗಳಲ್ಲಿ ಧಾತು ಯಾವುದು, ಸಂಯುಕ್ತ ಯಾವುದು, ಮಿಶ್ರಣ ಯಾವುದು ಎಂದು ಮಕ್ಕಳಿಗೆ ಹೇಗೆ ಹೇಳಿಕೊಡುವುದು?

ಎಂಟನೇ ತರಗತಿಯ ನಿಮ್ಮ ಮಗಳು ಹಿತ್ತಾಳೆಯನ್ನು ಧಾತು ಎಂದೂ, ಸುಟ್ಟ ಸುಣ್ಣವನ್ನು ಮಿಶ್ರಣ ಎಂದೂ, ತೆಂಗಿನೆಣ್ಣೆಯನ್ನು ಸಂಯುಕ್ತ ಎಂದೂ ಬರೆದಳು, ಮೂರೂ ತಪ್ಪಾದವು, ಬಾಯಿಪಾಠ ಮಾಡಿಸದೆ ತಿಳಿಸುವ ದಾರಿ ಇದೆಯೇ ಎಂದು ಕೇಳಿದ್ದೀರಿ. ನಾನು ಕಾಸರಗೋಡಿನ ಪೆರ್ಲದ ಕಡೆಯವಳು, ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಮೊದಲು ಒಂದು ಮಾತು: ಹುಡುಗಿ ಕಣ್ಣುಮುಚ್ಚಿ ಬರೆದದ್ದಲ್ಲ, ಯೋಚಿಸಿಯೇ ಬರೆದಿದ್ದಾಳೆ. ಹಿತ್ತಾಳೆ ಎಲ್ಲಿ ಕೆರೆದು ನೋಡಿದರೂ ಒಂದೇ ಥರ, ಹಾಗಾಗಿ ಧಾತು ಎಂದಳು. ಸುಣ್ಣದಲ್ಲಿ ಕ್ಯಾಲ್ಸಿಯಂ ಮತ್ತು ಆಮ್ಲಜನಕ ಎರಡೂ ಇವೆ ಎಂದು ಗೊತ್ತಿತ್ತು, ಹಾಗಾಗಿ ಮಿಶ್ರಣ ಎಂದಳು. ಇಂಥ ಮಗುವನ್ನು ದಯವಿಟ್ಟು ಗದರಿಸಬೇಡಿ.

ಕಣ್ಣಿಗೆ ಒಂದೇ ಥರ ಕಂಡರೆ ಸಾಲದು, ಒಳಗೆ ಎಷ್ಟು ಬಗೆಯ ವಸ್ತು ಇದೆ ಎಂದು ಎಣಿಸಿದರೂ ಸಾಲದು. ಒಂದಕ್ಕಿಂತ ಹೆಚ್ಚು ಬಗೆ ಇದ್ದಾಗ ಅವಳು ಕೇಳಿಕೊಳ್ಳಬೇಕಾದದ್ದು ಇದು: ಒಳಗಿರುವವುಗಳ ಪ್ರಮಾಣವನ್ನು ಹೆಚ್ಚುಕಮ್ಮಿ ಮಾಡಿದರೂ ಇದು ಇದೇ ವಸ್ತುವಾಗಿ ಉಳಿಯುತ್ತದೆಯೇ? ಉಳಿಯುವುದಾದರೆ ಮಿಶ್ರಣ, ಉಳಿಯದಿದ್ದರೆ ಸಂಯುಕ್ತ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಸತು ತುಸು ಕಡಿಮೆ ಬಿದ್ದರೆ ಬಣ್ಣ ಕೆಂಪಿಗೆ ವಾಲುತ್ತದೆ, ಆದರೂ ಅದು ಹಿತ್ತಾಳೆಯೇ. ಸುಣ್ಣದಲ್ಲಿ ಆ ಸಲಿಗೆ ಇಲ್ಲ. ಕಡಲ ತಡಿಯ ಚಿಪ್ಪು ಸುಟ್ಟು ಮಾಡಿ, ಸುಣ್ಣಕಲ್ಲು ಸುಟ್ಟು ಮಾಡಿ, ಶುದ್ಧವಾದ ಸುಟ್ಟ ಸುಣ್ಣ 56 ಗ್ರಾಂ ತೆಗೆದುಕೊಂಡರೆ ಅದರಲ್ಲಿ 40 ಗ್ರಾಂ ಕ್ಯಾಲ್ಸಿಯಂ, 16 ಗ್ರಾಂ ಆಮ್ಲಜನಕ ಇದ್ದೇ ಇರುತ್ತದೆ. ಅದು ಸಂಯುಕ್ತ. ತೆಂಗಿನೆಣ್ಣೆ ತಿಳಿಯಾಗಿ ಕಂಡರೂ ಹಲವು ಬಗೆಯ ಕೊಬ್ಬುಗಳು ಸೇರಿದ್ದು. ಅವುಗಳ ಪ್ರಮಾಣ ಎಲ್ಲ ಎಣ್ಣೆಯಲ್ಲೂ ಕರಾರುವಾಕ್ಕಾಗಿ ಒಂದೇ ಇರುವುದಿಲ್ಲ, ಹಾಗಾಗಿ ಮಿಶ್ರಣ.

ಈ ವ್ಯತ್ಯಾಸವನ್ನು ಕಂಡುಕೊಳ್ಳಲು ದೊಡ್ಡ ದೊಡ್ಡ ವಿಜ್ಞಾನಿಗಳೇ ವರ್ಷಗಟ್ಟಲೆ ವಾದ ಮಾಡಿದ್ದಾರೆ ಎಂದು ಮಗಳಿಗೆ ಹೇಳಿ. ಲವಾಸಿಯೇ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ 1789ರಲ್ಲಿ ಧಾತುಗಳ ಪಟ್ಟಿ ಮಾಡಿದಾಗ ಸುಣ್ಣವನ್ನೂ ಅದರಲ್ಲಿ ಸೇರಿಸಿದ್ದ, ಏಕೆಂದರೆ ಆಗ ಅದನ್ನು ಒಡೆಯಲು ಯಾರಿಂದಲೂ ಆಗಿರಲಿಲ್ಲ. 1808ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ವಿದ್ಯುತ್ ಹಾಯಿಸಿ ಸುಣ್ಣದಿಂದ ಕ್ಯಾಲ್ಸಿಯಂ ಬಿಡಿಸಿದ ಮೇಲೆ ಅದು ಸಂಯುಕ್ತ ಎಂದು ಖಚಿತವಾಯಿತು. ಪ್ರೂಸ್ಟ್ ಎಂಬ ಫ್ರೆಂಚ್ ವಿಜ್ಞಾನಿ ತಾಮ್ರದ ಕಾರ್ಬೊನೇಟನ್ನು ತೂಗಿ ನೋಡಿ, ನೆಲದಿಂದ ಅಗೆದದ್ದಾದರೂ ಪ್ರಯೋಗಾಲಯದಲ್ಲಿ ಮಾಡಿದ್ದಾದರೂ ಪ್ರಮಾಣ ಒಂದೇ ಎಂದು ತೋರಿಸಿದ. ಬರ್ತೊಲೆ ಎಂಬ ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ಒಪ್ಪಲಿಲ್ಲ. ಕೊನೆಗೆ ಗೆದ್ದದ್ದು ಪ್ರೂಸ್ಟನ ಮಾತು.

ನಮ್ಮ ಕಡೆಯ ಮಕ್ಕಳಿಗೆ ನಾನು ಈ ಪಾಠವನ್ನು ಅಡಿಕೆ ತೋಟದ ಮದ್ದಿನಿಂದಲೇ ಮಾಡುವುದು. ಮಳೆಗಾಲ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವುದನ್ನು ನೋಡದ ಮಗು ಇಲ್ಲಿ ಕಡಿಮೆ. ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು, ಒಂದು ಕಿಲೋ ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕಲಸಬೇಕು, ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕದಡಬೇಕು. ಈ ಕೆಲಸದಲ್ಲಿ ಮೂರೂ ಗುಂಪುಗಳು ಕಣ್ಣೆದುರು ಬಂದು ಹೋಗುತ್ತವೆ.

ಮೊದಲು ತುತ್ತಿನ ಹರಳನ್ನೇ ನೋಡಿ. ತಾಮ್ರದ ಸಲ್ಫೇಟ್ ಮತ್ತು ನೀರು ಸೇರಿ ಆ ನೀಲಿ ಹರಳಾಗಿದೆ. ನೀರು ಇದೆ ಎಂದ ಕೂಡಲೇ ಮಕ್ಕಳು ಮಿಶ್ರಣ ಎನ್ನುತ್ತಾರೆ. ಆದರೆ 100 ಗ್ರಾಂ ಶುದ್ಧ ಹರಳಿನಲ್ಲಿ ನೀರು ಸುಮಾರು 36 ಗ್ರಾಂ, ತಾಮ್ರ ಸುಮಾರು 25 ಗ್ರಾಂ. ಯಾವ ಅಂಗಡಿಯಿಂದ ತಂದರೂ ಈ ಲೆಕ್ಕ ಬದಲಾಗದು. ಹರಳನ್ನು ಪ್ರನಾಳದಲ್ಲಿಟ್ಟು ಚೆನ್ನಾಗಿ ಕಾಯಿಸಿದರೆ ಆ ನೀರು ಹೊರಟುಹೋಗಿ ಬಿಳಿ ಪುಡಿ ಉಳಿಯುತ್ತದೆ. ಆರಿದ ಮೇಲೆ ಒಂದು ತೊಟ್ಟು ನೀರು ಬಿಟ್ಟರೆ ಮತ್ತೆ ನೀಲಿ. ನೀರು ಲೆಕ್ಕಕ್ಕೆ ಸರಿಯಾಗಿ ಬಂಧಗೊಂಡು ಕೂತಿದೆ, ಹಾಗಾಗಿ ತುತ್ತು ಸಂಯುಕ್ತ. ಅದೇ ತುತ್ತಿನ ಚೀಲ ಮಳೆಗೆ ಒದ್ದೆಯಾದರೆ? ಹೊರಗೆ ಅಂಟಿದ ತೇವಕ್ಕೆ ಯಾವ ಲೆಕ್ಕವೂ ಇಲ್ಲ, ಒರೆಸಿದರೆ ಹೋಗುತ್ತದೆ. ಒದ್ದೆ ತುತ್ತು ಮಿಶ್ರಣ. ಒಂದೇ ಚೀಲದಲ್ಲಿ ಎರಡು ಬಗೆಯ ನೀರು! ಇಷ್ಟು ಅರ್ಥವಾದ ಮಗುವಿಗೆ ಈ ಅಧ್ಯಾಯದ ಮುಕ್ಕಾಲು ಭಾಗ ಅರ್ಥವಾಯಿತು ಎಂದೇ ನನ್ನ ನಂಬಿಕೆ.

ತುತ್ತನ್ನು ನೀರಿನಲ್ಲಿ ಕರಗಿಸಿದ ಮೇಲೆ ಅದು ದ್ರಾವಣ, ಅಂದರೆ ಮಿಶ್ರಣ. ತೆಳ್ಳಗೂ ಮಾಡಬಹುದು, ದಪ್ಪಕ್ಕೂ ಮಾಡಬಹುದು. ಸುಣ್ಣದ ನೀರಿಗೆ ಹೊಯ್ದಾಗ ಮಾತ್ರ ಬರೀ ಬೆರೆಯುವುದಲ್ಲ, ರಾಸಾಯನಿಕ ಕ್ರಿಯೆ ನಡೆಯುತ್ತದೆ. ತಾಮ್ರದ ಹೊಸ ಸಂಯುಕ್ತಗಳು ನೀರಿನಲ್ಲಿ ಕರಗದ ಆಕಾಶನೀಲಿ ಕಣಗಳಾಗಿ ತೇಲುತ್ತವೆ, ಜೊತೆಗೆ ಜಿಪ್ಸಮ್ ಕೂಡ ಹುಟ್ಟುತ್ತದೆ. ಡ್ರಮ್ಮಿನಲ್ಲಿರುವುದು ಅವೆಲ್ಲ ನೀರಿನೊಂದಿಗೆ ಸೇರಿದ ಮಿಶ್ರಣ. ಬಿಟ್ಟರೆ ತಳಕ್ಕೆ ಕೂರುತ್ತದೆ, ಅದಕ್ಕೇ ಮದ್ದು ಬಿಡುವಾಗ ಆಗಾಗ ಕದಡುವುದು.

ಇನ್ನು ಧಾತು. ಮದ್ದು ಸರಿಯಾಗಿದೆಯೋ ಎಂದು ನೋಡಲು ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಅದ್ದುತ್ತಾರಲ್ಲ, ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ಕೆಂಪು ಲೇಪ ಹತ್ತುತ್ತದೆ. ಅದು ಅಪ್ಪಟ ತಾಮ್ರ. ಕರಗಿ ಉಳಿದ ತುತ್ತಿನೊಳಗಿನ ತಾಮ್ರವನ್ನು ಕಬ್ಬಿಣ ಹೊರಕ್ಕೆ ತಳ್ಳಿ ಅದರ ಜಾಗಕ್ಕೆ ತಾನು ಸೇರಿಕೊಂಡಿತು. ನೀಲಿ ವಸ್ತುವಿನಲ್ಲಿ ಕಾಣದೇ ಇದ್ದ ಕೆಂಪು ಲೋಹ ಹೀಗೆ ಈಚೆ ಬರುವುದನ್ನು ನೋಡಿದರೆ, ಸಂಯುಕ್ತದಲ್ಲಿ ಧಾತುವಿನ ಗುಣ ಉಳಿದಿರುವುದಿಲ್ಲ ಎಂಬ ಮಾತು ಮಗುವಿಗೆ ಥಟ್ಟನೆ ಹೊಳೆಯುತ್ತದೆ. ಆ ತಾಮ್ರವನ್ನು ಯಾವ ರಾಸಾಯನಿಕ ಕ್ರಿಯೆಯಿಂದಲೂ ಇನ್ನೂ ಸರಳ ವಸ್ತುಗಳಾಗಿ ಒಡೆಯಲಾಗದು. ಮನೆಯಲ್ಲಿ ಮಾಡುವುದಾದರೆ ಸ್ವಲ್ಪ ತುತ್ತಿನ ನೀರು, ಒಂದು ಹೊಳೆಯುವ ಮೊಳೆ ಸಾಕು. ಆದರೆ ತುತ್ತು ವಿಷ. ಪ್ಲಾಸ್ಟಿಕ್ ಪಾತ್ರೆಯಲ್ಲಿ, ನೀವು ಪಕ್ಕದಲ್ಲಿದ್ದೇ ಮಾಡಿಸಿ, ಆ ಪಾತ್ರೆ ಮತ್ತೆ ಅಡುಗೆಮನೆಗೆ ಬರಬಾರದು, ಕೈಯನ್ನು ಸೋಪು ಹಾಕಿ ತೊಳೆಯಬೇಕು.

ಪ್ರಶ್ನೆಪತ್ರಿಕೆಯಲ್ಲಿ ನೇರವಾಗಿ ಕೇಳದ ಇನ್ನೊಂದು ವಿಷಯ ನನಗೆ ಬಹಳ ಮುಖ್ಯ: ಯಾವ ನೀರು, ಯಾವ ಉಪ್ಪು ಎಂದು ಮೊದಲು ಕೇಳುವ ಅಭ್ಯಾಸ. ಬಟ್ಟಿ ಇಳಿಸಿದ ನೀರು ಸಂಯುಕ್ತ, ತೂಕದಲ್ಲಿ ಒಂದು ಪಾಲು ಜಲಜನಕಕ್ಕೆ ಎಂಟು ಪಾಲು ಆಮ್ಲಜನಕ. ನೀರಿಗಾಗಿ ನಮ್ಮ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಹರಿದು ಬರುವ ನೀರು ಎಷ್ಟು ತಿಳಿಯಾಗಿದ್ದರೂ ಮಣ್ಣು ಕಲ್ಲುಗಳ ಲವಣಗಳನ್ನು, ಗಾಳಿಯನ್ನು ಕರಗಿಸಿಕೊಂಡೇ ಬರುತ್ತದೆ, ಅದು ಮಿಶ್ರಣ. ಆ ಸುರಂಗ ಕೊರೆದ ಮುರಕಲ್ಲೂ (ಜಂಬಿಟ್ಟಿಗೆ ಕಲ್ಲು) ಮಿಶ್ರಣವೇ. ಕಬ್ಬಿಣದ ಆಕ್ಸೈಡಿನಿಂದ ಬಂದ ಕೆಂಪು ಒಂದು ಕಡೆ, ಬಿಳಿ ಜೇಡಿ ಇನ್ನೊಂದು ಕಡೆ, ಒಂದೇ ಕಲ್ಲಿನಲ್ಲಿ ಬರಿಗಣ್ಣಿಗೇ ಕಾಣುತ್ತವೆ. ಉಪ್ಪು ಎಂದರೆ ಪರೀಕ್ಷೆಗೆ ಸೋಡಿಯಂ ಕ್ಲೋರೈಡ್, ಸಂಯುಕ್ತ. ಪ್ಯಾಕೆಟ್ಟಿನ ಅಯೋಡಿನ್ ಉಪ್ಪಿಗೆ ಪೊಟ್ಯಾಸಿಯಂ ಅಯೋಡೇಟ್ ಸೇರಿಸಿರುತ್ತಾರೆ, ಕಟ್ಟುನಿಟ್ಟಾಗಿ ನೋಡಿದರೆ ಅದು ಮಿಶ್ರಣ. ಮಗಳು ಅಂಕಕ್ಕಾಗಿ ಸಂಯುಕ್ತ ಎಂದು ಬರೆಯಲಿ, ಆದರೆ ಎರಡನೆಯ ಮಾತೂ ಅವಳಿಗೆ ತಿಳಿದಿರಲಿ.

ಉಳಿದವು ಬೇಗ ಮುಗಿಯುತ್ತವೆ. ಸಕ್ಕರೆ ಸಂಯುಕ್ತ. ಬೆಲ್ಲ ಮಿಶ್ರಣ, ಸಕ್ಕರೆಯ ಜೊತೆ ಬೇರೆ ಶರ್ಕರಗಳು, ಖನಿಜಗಳು, ತೇವ ಎಲ್ಲ ಇವೆ. ಕರ್ಪೂರ ಸಂಯುಕ್ತ. ಕಂಚು ಮಿಶ್ರಣ, ತಾಮ್ರಕ್ಕೆ ತವರ ಸೇರಿದ್ದು. ಕಲಾಯಿಗೆ ಬಳಸುವ ತವರ ಮಾತ್ರ ಧಾತು. 916 ಚಿನ್ನದ ಬಳೆಯಲ್ಲಿ 91.6 ಶೇಕಡಾ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹ, ಹಾಗಾಗಿ ಮಿಶ್ರಣ. ಹಾಲು, ಮಜ್ಜಿಗೆ, ಗಾಳಿ ಮಿಶ್ರಣ ಎಂದು ಅವಳೇ ಹೇಳುತ್ತಾಳೆ.

ಅವಳು ಎಡವಬಹುದಾದ ಇನ್ನೊಂದು ಜಾಗ ಉಂಟು. ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿವೆ ಎಂದು ಓದಿದ ಮಕ್ಕಳು ಅದನ್ನು ಸಂಯುಕ್ತ ಎಂದುಬಿಡುತ್ತಾರೆ. ಎರಡೂ ಒಂದೇ ಬಗೆಯವು, ಆದ್ದರಿಂದ ಧಾತುವೇ. ಓಝೋನಿನಲ್ಲಿ ಮೂರಿದ್ದರೂ ಹಾಗೆಯೇ. ಸಂಶಯ ಬಂದಾಗ ಆವರ್ತಕೋಷ್ಟಕ ತೆಗೆದು ನೋಡಲಿ. ಈಗ ಅದರಲ್ಲಿ 118 ಹೆಸರುಗಳಿವೆ, ಹಿತ್ತಾಳೆ ಅಲ್ಲಿ ಸಿಗುವುದಿಲ್ಲ, ಸತು ಸಿಗುತ್ತದೆ. ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಅವಳೇ ನಿಮಗೆ ಕಾರಣ ಸಹಿತ ಹೇಳಲಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಆ ವಸ್ತುವಿನ ಹೆಸರನ್ನೂ ಅವಳು ಕೊಟ್ಟ ಕಾರಣವನ್ನೂ ಇಲ್ಲಿ ಕೆಳಗೆ ಬರೆಯಿರಿ, ನೋಡಿ ಉತ್ತರಿಸುತ್ತೇನೆ.